ಸತ್ಯಾಂಶ: ರೇಷನ್ ಅಕ್ಕಿಯಲ್ಲಿ ತೇಲುವ ಕಾಳು ಪ್ಲಾಸ್ಟಿಕ್ಕಾ?

ರೇಷನ್ ಅಕ್ಕಿ ತೊಳೆಯುವಾಗ ತೇಲುವ ಕಾಳು ಪ್ಲಾಸ್ಟಿಕ್ ಅನ್ನೋ ವಿಡಿಯೊ ನಮ್ಮ ಗಂಗಾವತಿಯ ವಾಟ್ಸಾಪ್ ಗ್ರೂಪುಗಳಲ್ಲಿ ಮತ್ತೆ ಓಡಾಡುತ್ತಿದೆ. ಅದು ಸುಳ್ಳು. ಅವು ಸಾರವರ್ಧಿತ, ಅಂದರೆ ಪೋಷಕಾಂಶ ಸೇರಿಸಿದ ಕಾಳುಗಳು. ಅಕ್ಕಿ ಹಿಟ್ಟಿಗೆ ಕಬ್ಬಿಣಾಂಶ, ಫೋಲಿಕ್ ಆಸಿಡ್, ವಿಟಮಿನ್ ಬಿ12 ಬೆರೆಸಿ, ಯಂತ್ರದಲ್ಲಿ ಮತ್ತೆ ಕಾಳಿನ ಆಕಾರಕ್ಕೆ ಒತ್ತುತ್ತಾರೆ. 100 ಕೆಜಿ ಅಕ್ಕಿಗೆ ಇಂಥದ್ದು ಸುಮಾರು 1 ಕೆಜಿ. ಒತ್ತಿ ಮಾಡಿದ ಕಾಳು ಹಗುರ, ಅದಕ್ಕೇ ಕೆಲವು ತೇಲುತ್ತವೆ. ದಯವಿಟ್ಟು ಆರಿಸಿ ಎಸೆಯಬೇಡಿ.

ಹಾಗಾದರೆ ಇಷ್ಟು ಭಯ ಯಾಕೆ? ಭತ್ತದ ಕಣಜದಲ್ಲೇ ಇರುವವರು ನಾವು. ಅಂಗಡಿಯಲ್ಲಿ ಸೋನಾ ಮಸೂರಿ ಚೀಲಕ್ಕೆ ಕೈ ಹಾಕಿ, ಒಂದು ಹಿಡಿ ಅಂಗೈಯಲ್ಲಿ ಹರಡಿ, ಬೆಳ್ಳಗಿದೆಯಾ, ಒಂದೇ ಸಮ ಇದೆಯಾ ಅಂತ ನೋಡುತ್ತೇವೆ. ಹೀಗೆ ನೋಡೋದನ್ನ ನಮಗೆ ಕಲಿಸಿದ್ದು ಮಾರುಕಟ್ಟೆ. ಮಿಲ್ಲಿನಲ್ಲಿ ಪಾಲಿಶ್ ಮಾಡಿ ತವುಡು ತೆಗೆಯುತ್ತಾರೆ. ಸಾರ್ಟೆಕ್ಸ್ ಯಂತ್ರ ಬಣ್ಣಗೆಟ್ಟ ಕಾಳನ್ನು ಗಾಳಿ ಊದಿ ಹೊರಗೆ ಹಾಕುತ್ತದೆ. ಅಕ್ಕಿ ಫಳಫಳ ಅಂದರೆ ರೇಟೂ ಜಾಸ್ತಿ. ತವುಡಿನ ಜೊತೆ ನಾರು, ಬಿ1 ಹೋಗಿದ್ದು ಯಾರಿಗೂ ಕಾಣಲಿಲ್ಲ. ಈ ಸಾರವರ್ಧಿತ ಕಾಳು ಸ್ವಲ್ಪ ಹಳದಿಯಾಗಿ ಕಂಡರೆ ಮಾತ್ರ ಬೆಚ್ಚಿಬೀಳುತ್ತೇವೆ, ಅಲ್ವಾ?

ಅನುಮಾನ ಇದ್ದರೆ ತೇಲಿದ ನಾಲ್ಕು ಕಾಳನ್ನೇ ಬೇಯಿಸಿ. ಮೆತ್ತಗಾಗುತ್ತವೆ. ಬೆರಳಲ್ಲಿ ಹಿಸುಕಿದರೆ ಅನ್ನವೇ.