ಸ್ವಲ್ಪ ಜರುಗಿ ಸ್ವಾಮಿ, ನೆಟ್‌ವರ್ಕ್ ಬರ್ತಿದೆ

ಜರ್ಮನಿಯ ಆ ಜಾಹೀರಾತು ಓದಿ ನೀವೂ ನಕ್ಕಿರುತ್ತೀರಿ. 2024ರ ಜನವರಿಯದ್ದು. ರೈಲು ಓಡಿಸುವವರ ಮುಂದಿರುವ ಡಿಸ್‌ಪ್ಲೇಗಳನ್ನು ನೋಡಿಕೊಳ್ಳಲು ಅಡ್ಮಿನ್ ಬೇಕು, ವಿಂಡೋಸ್ 3.11 ಮತ್ತು ಅದಕ್ಕೂ ಹಳೇ ಆಪರೇಟಿಂಗ್ ಸಿಸ್ಟಂ ಎಂಎಸ್-ಡಾಸ್ ಗೊತ್ತಿರಬೇಕು, 166 ಮೆಗಾಹರ್ಟ್ಸ್ ಪ್ರೊಸೆಸರ್, 8 ಎಂಬಿ ಮೆಮೊರಿ, ಮನೆಯಿಂದಲೇ ಕೆಲಸ. ಜಗತ್ತೆಲ್ಲ ಬಿದ್ದು ಬಿದ್ದು ನಕ್ಕಿತು. ನಾನು ನಗಲಿಲ್ಲ. ‘ಮನೆಯಿಂದಲೇ ಕೆಲಸ’ ಅನ್ನುವಲ್ಲಿ ಕಣ್ಣು ನಿಂತುಬಿಟ್ಟಿತು. ಒಬ್ಬ ಮನೆಯಲ್ಲಿ ಕೂತು ಡಾಸ್ ನೋಡಿಕೊಳ್ಳಬೇಕಾದರೆ, ಎಲ್ಲೋ ಯಾರೋ ಒಬ್ಬ ಡಾಸ್‌ಗೆ ನೆಟ್‌ವರ್ಕ್ ಹಾಕಿ ಕೂತಿರಬೇಕಲ್ಲ? ಪಾಪ, ಯಾರು ಹೆತ್ತ ಮಗನೋ.

ಇಷ್ಟು ಮರುಗೋಕೆ ಕಾರಣ ಇದೆ. ಆ ಕೆಲಸ ನಾನೂ ಮಾಡಿದ್ದೇನೆ. ತೊಂಬತ್ತರ ದಶಕದಲ್ಲಿ ಹೊಟ್ಟೆಪಾಡಿಗೆ ಮಾಡಿದೆ. ಈಗ ಮತ್ತೆ ದಾಕ್ಷಿಣ್ಯಕ್ಕೆ ಮಾಡಿ ಬಂದಿದ್ದೇನೆ.

ನಾನು ಹಿಂದೆ ಕೆಲಸಕ್ಕಿದ್ದ ಜಾಗ. ಅಲ್ಲೊಂದು ದೊಡ್ಡ ಯಂತ್ರ, ಅದನ್ನು ಆಡಿಸೋಕೆ ಪಕ್ಕದಲ್ಲೊಂದು ಪಿಸಿ, ಒಳಗೆ 1994ರ ಎಂಎಸ್-ಡಾಸ್ 6.22. ಯಂತ್ರ ಇನ್ನೂ ಗಟ್ಟಿಮುಟ್ಟಾಗಿದೆ. ಪಿಸಿಯೂ ಕೆಮ್ಮುತ್ತಾ ಬದುಕಿದೆ. ಪ್ರೋಗ್ರಾಂ ಬರೆದುಕೊಟ್ಟವರು ಮಾತ್ರ ಎಲ್ಲಿದ್ದಾರೋ ಯಾರಿಗೂ ಗೊತ್ತಿಲ್ಲ. ಇಷ್ಟು ವರ್ಷ ಫೈಲುಗಳು ಫ್ಲಾಪಿಯಲ್ಲಿ ಓಡಾಡುತ್ತಿದ್ದವು. ಈಗ ಇರುವ ಫ್ಲಾಪಿಗಳೂ ಒಂದೊಂದಾಗಿ ಕಣ್ಣು ಮುಚ್ಚುತ್ತಿವೆ. ಮೀಟಿಂಗ್ ಕರೆದರು. ಹುಟ್ಟಿದಾಗಿನಿಂದ ವೈ-ಫೈ ಉಸಿರಾಡಿದ ಒಬ್ಬರು ಹೇಳಿದರು: “ಸುಮ್ನೆ ನೆಟ್‌ವರ್ಕಿಗೆ ಹಾಕಿಬಿಡೋಣ ಸಾರ್. ಒಂದು ಕೇಬಲ್ ತಾನೆ?”

ಹೌದು. ಒಂದು ಕೇಬಲ್ ತಾನೆ.

ಈ ಫ್ಲಾಪಿ ವಿಷಯದಲ್ಲಿ ಜಪಾನಿನವರನ್ನು ಮೆಚ್ಚಬೇಕು. ಆಗ ಅವರ ಡಿಜಿಟಲ್ ಸಚಿವರಾಗಿದ್ದ ತಾರೋ ಕೋನೋ 2022ರಲ್ಲಿ ಫ್ಲಾಪಿ ಮೇಲೆ ಯುದ್ಧ ಸಾರಿದರು. ಎರಡು ವರ್ಷ ಹೋರಾಡಿ 2024ರಲ್ಲಿ ಗೆದ್ದೆವು ಅಂತ ಘೋಷಿಸಿದರು. ಫ್ಲಾಪಿಯಲ್ಲೇ ಕೊಡಿ ಅನ್ನುತ್ತಿದ್ದ 1,034 ನಿಯಮಗಳನ್ನು ಕಿತ್ತುಹಾಕಿದರಂತೆ, ಒಂದನ್ನು ಬಿಟ್ಟು. ಹಳೇ ವಾಹನಗಳ ಮರುಬಳಕೆಗೆ ಸಂಬಂಧಿಸಿದ್ದಂತೆ ಆ ಒಂದು. ನನಗೆ ಆ ಒಂದು ನಿಯಮದ ಮೇಲೆ ತುಂಬ ಪ್ರೀತಿ. ಅಷ್ಟು ದೊಡ್ಡ ಯುದ್ಧದಲ್ಲಿ ಎಲ್ಲರೂ ಸತ್ತರೂ ಮೂಲೆಯಲ್ಲಿ ಅದೊಂದು ಉಸಿರು ಹಿಡಿದು ಕೂತಿತ್ತು. ಎಲ್ಲ ಆಫೀಸಿನಲ್ಲೂ ಅಂಥದ್ದೊಂದು ಇರುತ್ತದೆ. ನಮ್ಮಲ್ಲಿದ್ದದ್ದು ಈ ಪಿಸಿ.

ಸರಿ, ಕೇಬಲ್‌ಗೆ ಬರೋಣ. ಮೊದಲು ನೆಟ್‌ವರ್ಕ್ ಕಾರ್ಡು ಬೇಕು. ಹಳೇ ಪೆಟ್ಟಿಗೆಯಲ್ಲಿ ಒಂದು ಎನ್‌ಇ2000 ಜಾತಿಯ ಕಾರ್ಡು ಸಿಕ್ಕಿತು. ಅದು ಹುಟ್ಟುತ್ತಲೇ ಐಆರ್‌ಕ್ಯೂ 3, ಪೋರ್ಟ್ 300 ಅಂತ ಹಣೆಬರಹ ಬರೆಸಿಕೊಂಡು ಬಂದಿರುತ್ತದೆ. ಐಆರ್‌ಕ್ಯೂ ಅಂದರೆ ಪ್ರೊಸೆಸರನ್ನು ಕರೆಯೋಕೆ ಒತ್ತುವ ಗಂಟೆಯ ನಂಬರ್. 3ನೇ ಗಂಟೆ ಪಿಸಿಯ ಎರಡನೇ ಸೀರಿಯಲ್ ಪೋರ್ಟ್ ಕಾಮ್ 2ರ ಸ್ವತ್ತು. ನಮ್ಮ ದೊಡ್ಡ ಯಂತ್ರದ ತಂತಿ ಬಂದು ಸೇರುವುದೂ ಕಾಮ್ 2ಕ್ಕೇ. ಅಂದರೆ ನೆಟ್‌ವರ್ಕ್ ಬಾಯಿ ಬಿಟ್ಟ ಕೂಡಲೇ ಯಂತ್ರಕ್ಕೆ ಕಿವುಡು. ಕಾರ್ಡಿನ ಮೇಲೆ ಜಂಪರ್ ಅಂತ ಒಂದು ಕಪ್ಪು ಟೋಪಿ ಇರುತ್ತದೆ, ಅಕ್ಕಿ ಕಾಳಿಗಿಂತ ಸ್ವಲ್ಪ ದಪ್ಪ. ಅದನ್ನು 3ರಿಂದ ಕಿತ್ತು 5ಕ್ಕೆ ಹಾಕಬೇಕು. ಕಿತ್ತೆ. ಚಿಮ್ಮಿತು. ಟಾರ್ಚ್ ಹಿಡಿದು ನಾಲ್ಕು ಜನ ನೆಲದ ಮೇಲೆ ಮಂಡಿಯೂರಿದೆವು. ಅದರಲ್ಲಿ ಒಬ್ಬರು ಮ್ಯಾನೇಜರ್. ಆಧುನೀಕರಣದ ಎದುರು ಅಷ್ಟು ವಿನಯವಾಗಿ ಬಾಗಿದ ಮ್ಯಾನೇಜರನ್ನು ನಾನು ಬೇರೆಲ್ಲೂ ನೋಡಿಲ್ಲ.

ಕಾರ್ಡಿಗೆ 5 ಅಂದರೆ ಮುಗಿಯಿತಾ? ಫೈಲಿಗೂ ಹೇಳಬೇಕು. ಪ್ರೊಟೊಕಾಲ್ ಡಾಟ್ ಐಎನ್‌ಐ ಅಂತ ಒಂದು ಫೈಲು. ಅದರಲ್ಲಿ ಇಂಟರಪ್ಟ್ ಈಕ್ವಲ್ಸ್ 5 ಅಂತ ಬರೆಯಬೇಕು. ಮರೆತರೆ ಕಾರ್ಡು ಒಂದು ಬಾಗಿಲು ತಟ್ಟುತ್ತದೆ, ಡ್ರೈವರ್ ಇನ್ನೊಂದು ಬಾಗಿಲಲ್ಲಿ ಕಾಯುತ್ತದೆ.

ಈ ಫೈಲಿನ ಬಗ್ಗೆ ಎರಡು ಮಾತು ಜಾಸ್ತಿ ಹೇಳಲೇಬೇಕು. ಜಗತ್ತಿನಲ್ಲಿ ಎಲ್ಲರೂ ನೆಟ್‌ವರ್ಕಿನಲ್ಲಿ ಪಿಸಿಯ ಮನೆ ನಂಬರಾದ ಐಪಿ ವಿಳಾಸವನ್ನು ಚುಕ್ಕಿ ಇಟ್ಟು ಬರೆಯುತ್ತಾರೆ. ಡಾಸ್‌ಗೆ ನೆಟ್‌ವರ್ಕ್ ಕಲಿಸುವ ಮೈಕ್ರೋಸಾಫ್ಟ್ ನೆಟ್‌ವರ್ಕ್ ಕ್ಲೈಂಟ್ 3.0ಗೆ ಚುಕ್ಕಿ ಆಗಿಬರುವುದಿಲ್ಲ. 192, ಆಮೇಲೆ ಖಾಲಿ ಜಾಗ, 168, ಖಾಲಿ ಜಾಗ, ಹೀಗೆ ನಾಲ್ಕೂ ಅಂಕಿಗಳನ್ನು ದೂರ ದೂರ ಕೂರಿಸಬೇಕು. ಯಾಕೆ ಅಂತ ಕೇಳಬಾರದು. ಇನ್ನೊಂದು ಸಾಲು ಇದಕ್ಕಿಂತ ಚೆಂದ. ಸರ್ವರೇ ವಿಳಾಸ ಹಂಚುವ ಡಿಎಚ್‌ಸಿಪಿ ಬೇಕಾ, ಬೇಡವಾ ಅಂತ ತಿಳಿಸುವ ಸಾಲು. ಅದರ ಹೆಸರು ‘ಡಿಸೇಬಲ್ ಡಿಎಚ್‌ಸಿಪಿ’. ಬೇಕಾದರೆ ಸೊನ್ನೆ ಹಾಕಬೇಕು. ಅಂದರೆ “ಡಿಎಚ್‌ಸಿಪಿ ಬೇಡ ಅನ್ನುವುದು ಬೇಡ” ಅಂತ ಅರ್ಜಿ ಹಾಕಿಕೊಳ್ಳಬೇಕು. ನೇರವಾಗಿ “ಬೇಕು” ಅನ್ನುವ ಅವಕಾಶವೇ ಇಲ್ಲ. ಇದನ್ನು ಬರೆದವರು ಹಗಲು ಪ್ರೋಗ್ರಾಮರ್ ಆಗಿದ್ದು ರಾತ್ರಿ ಸುತ್ತೋಲೆ ಬರೆಯುತ್ತಿದ್ದರು ಅಂತ ನನ್ನ ಗುಮಾನಿ.

ಆದರೂ ನೊವೆಲ್ ನೆಟ್‌ವೇರ್ ಅನ್ನುವ ಹಳೇ ಸರ್ವರ್ ಸಾಫ್ಟ್‌ವೇರಿನ ಕಾಲಕ್ಕೆ ಹೋಲಿಸಿದರೆ ಇದು ಸ್ವರ್ಗ. ಅಲ್ಲಿ ನೆಟ್ ಡಾಟ್ ಸಿಎಫ್‌ಜಿ ಅಂತ ಇನ್ನೊಂದು ಫೈಲು. ತಲೆಬರಹ ಎಡಗಡೆಗೆ ಅಂಟಿಕೊಂಡಿರಬೇಕು, ಅದರ ಕೆಳಗಿನ ಸಾಲುಗಳು ಸ್ವಲ್ಪ ಒಳಗೆ ಸರಿದಿರಬೇಕು. ಇದೇ ಜಾಗದಲ್ಲಿ 1997ರಲ್ಲಿ ಸರ್ವರನ್ನು ನೆಟ್‌ವೇರ್ 3.11ರಿಂದ 3.12ಕ್ಕೆ ಏರಿಸಿದರು. ಮರುದಿನ ಬೆಳಿಗ್ಗೆ ಎಲ್ಲ ಪಿಸಿಗಳೂ ಒಂದೇ ರಾಗ: “ಎ ಫೈಲ್ ಸರ್ವರ್ ಕುಡ್ ನಾಟ್ ಬಿ ಫೌಂಡ್.” ಸರ್ವರ್ ಪಕ್ಕದ ರೂಮಿನಲ್ಲೇ ಇದೆ, ಫ್ಯಾನಿನ ಸದ್ದು ಕೇಳಿಸುತ್ತಿದೆ. ಕೇಬಲ್ ಬದಲಿಸಿದೆ. ಕೇಬಲ್ ತುದಿಗೆ ಹಾಕುವ ಟರ್ಮಿನೇಟರ್ ತಿರುಗಿಸಿ ನೋಡಿದೆ. ಕಾರ್ಡ್ ಕಿತ್ತು ಹಾಕಿದೆ. ನಾಲ್ಕು ಗಂಟೆ ಆದಮೇಲೆ ಗೊತ್ತಾಯಿತು, ಹಳೇ ಸರ್ವರ್ ಮಾತಾಡುತ್ತಿದ್ದದ್ದು 802.3 ಅನ್ನುವ ಫ್ರೇಮಿನಲ್ಲಿ, ಅಂದರೆ ಮಾಹಿತಿಯ ಗಂಟು ಕಟ್ಟುವ ಒಂದು ಶೈಲಿಯಲ್ಲಿ, ಹೊಸದು ಹುಟ್ಟಿನಿಂದಲೇ 802.2. ಒಂದೇ ತಂತಿಯ ಮೇಲೆ ಇಬ್ಬರೂ ಅರಚುತ್ತಿದ್ದಾರೆ, ಒಬ್ಬರದ್ದು ಒಬ್ಬರಿಗೆ ಕೇಳಿಸುತ್ತಿಲ್ಲ. ನೆಟ್ ಡಾಟ್ ಸಿಎಫ್‌ಜಿಯಲ್ಲಿ ಮೂರನ್ನು ಅಳಿಸಿ ಎರಡು ಬರೆದೆ. ಆಯಿತು. ಆ ತಿಂಗಳ ಕೆಲಸದ ವರದಿಯಲ್ಲಿ ಏನು ಬರೆಯೋದು ಹೇಳಿ? ‘ಒಂದು ಕಳೆದೆ’ ಅಂತಲಾ?

ಒಂದು ವಿಷಯಕ್ಕೆ ಡಾಸ್‌ಗೆ ಕೈಮುಗಿಯುತ್ತೇನೆ. ಅದು ಸುಳ್ಳು ಹೇಳುವುದಿಲ್ಲ. ಸರ್ವರ್ ಕೈಕೊಟ್ಟರೆ ಕಪ್ಪು ಪರದೆ ಮೇಲೆ ಮೂರೇ ಪದ: ಅಬಾರ್ಟ್, ರಿಟ್ರೈ, ಫೇಲ್? ಬಿಟ್ಟುಹೋಗ್ತೀಯಾ, ಇನ್ನೊಮ್ಮೆ ನೋಡ್ತೀಯಾ, ಇಲ್ಲ ಸೋಲು ಒಪ್ಕೋತೀಯಾ. ಇಷ್ಟು ಮುಖಕ್ಕೆ ಮುಖ ಕೊಟ್ಟು ಕೇಳುವವರು ಮನುಷ್ಯರಲ್ಲೂ ಕಡಿಮೆ. ಈಗಿನ ಆಪ್‌ಗಳನ್ನು ನೋಡಿ. ಅಳುಮುಖದ ಒಂದು ಚಿತ್ರ, ಕೆಳಗೆ “ಅಯ್ಯೋ, ಏನೋ ಎಡವಟ್ಟಾಯ್ತು”. ಏನು ಎಡವಟ್ಟು ಅಂತ ಹೇಳುವುದಿಲ್ಲ. ನನಗೆ ಸಮಾಧಾನ ಬೇಡ ಮಾರಾಯ, ಎರರ್ ನಂಬರ್ ಕೊಡು.

ನಂಬರ್ ಅಂದೆನಲ್ಲ, ಅಸಲು ಕಥೆ ನಂಬರಿನದ್ದೇ. 640.

ಡಾಸ್ ಪ್ರಪಂಚ ಮೂಲತಃ 1 ಎಂಬಿ ಮೆಮೊರಿ. ಮೇಲಿನ 384 ಕೆಬಿ ವಿಡಿಯೋ, ಪಿಸಿಯನ್ನು ಎಬ್ಬಿಸುವ ಬಯೋಸ್, ಕಾರ್ಡುಗಳಿಗೆ ಮೀಸಲು. ಉಳಿದ 640 ಕೆಬಿಯಲ್ಲಿ ಎಲ್ಲರ ಸಂಸಾರ. ಪಿಸಿಯಲ್ಲಿ 8 ಎಂಬಿ ಇದ್ದರೂ ಅಷ್ಟೇ, 16 ಇದ್ದರೂ ಅಷ್ಟೇ. ಹಿತ್ತಿಲು ಎಕರೆಗಟ್ಟಲೆ ಇದೆ, ಮಲಗುವುದು ಮಾತ್ರ ಎಲ್ಲರೂ ಒಂದೇ ಕೋಣೆಯಲ್ಲಿ. ಅಲ್ಲಿಗೆ ನೆಟ್‌ವರ್ಕ್ ಬರುತ್ತದೆ. ಒಬ್ಬನೇ ಬರುತ್ತಾನೆ ಅಂದುಕೊಂಡಿರಾ? ಹಿಂದೆ ಪುಟ್ಟ ಪ್ರೋಗ್ರಾಂಗಳ ದಂಡೇ ಇದೆ. ಐಎಫ್‌ಎಸ್‌ಹೆಲ್ಪ್ ಬರುತ್ತಾನೆ, ಪ್ರೊಟ್‌ಮ್ಯಾನ್ ಬರುತ್ತಾನೆ, ಎನ್‌ಡಿಐಎಸ್‌ಹೆಲ್ಪ್, ಕಾರ್ಡಿನ ಡ್ರೈವರ್, ಟಿಸಿಪಿಟಿಎಸ್‌ಆರ್, ಟೈನಿಆರ್‌ಎಫ್‌ಸಿ, ಎನ್‌ಎಂಟಿಎಸ್‌ಆರ್, ಇಎಂಎಸ್‌ಬಿಎಫ್‌ಆರ್, ಕೊನೆಗೆ ನೆಟ್ ಸ್ಟಾರ್ಟ್ ಅಂದಾಗ ದಿಬ್ಬಣದ ಹಿರಿಯರಂತೆ ರೀಡೈರೆಕ್ಟರ್. ಟೈನಿ ಅಂತ ಒಬ್ಬನ ಹೆಸರು. ಹೆಸರು ಮಾತ್ರ. ಇವರಲ್ಲಿ ಟಿಎಸ್‌ಆರ್ ಅನ್ನುವ ಬಳಗ ಇದೆಯಲ್ಲ, ಅದರ ಅರ್ಥವೇ ‘ಮುಗಿಸು, ಆದರೆ ಇಲ್ಲೇ ಇರು’. ಹೊರಟೆ ಅಂತ ಹೇಳಿ ಜಗುಲಿಯಲ್ಲೇ ಹಾಸಿಗೆ ಬಿಚ್ಚುವ ನೆಂಟರು.

ಎಲ್ಲ ಕೂತಾದ ಮೇಲೆ ‘ಆ ಕಡೆ ಇದ್ದೀಯಾ’ ಅಂತ ಕೇಳುವ ಪಿಂಗ್ ಕೊಟ್ಟೆ. ಉತ್ತರ ಬಂತು. ಸುತ್ತ ನಿಂತವರು ಚಪ್ಪಾಳೆ ತಟ್ಟಿದರು. ಆಮೇಲೆ ಯಂತ್ರ ಆಡಿಸುವ ಪ್ರೋಗ್ರಾಂ ಶುರು ಮಾಡಿದೆ. ಮೆಮೊರಿ ಸಾಲದು ಅಂದಿತು.

ನೋಡಿ, ಇದು ಇಡೀ ಯೋಜನೆಯ ಸೌಂದರ್ಯ. ಆ ಪ್ರೋಗ್ರಾಮಿಗೋಸ್ಕರ ನೆಟ್‌ವರ್ಕ್ ತಂದೆವು. ನೆಟ್‌ವರ್ಕ್ ಇದ್ದರೆ ಆ ಪ್ರೋಗ್ರಾಂ ಓಡಲ್ಲ. ಮನೆಗೆ ಫೋನ್ ಹಾಕಿಸಿದೆವು, ಮಾತಾಡುವವರು ಮನೆ ಬಿಟ್ಟು ಹೋಗಬೇಕಾಯಿತು. ಮೆಮ್ ಸ್ಲ್ಯಾಶ್ ಸಿ ಅನ್ನುವ ಆಜ್ಞೆ ಕೊಟ್ಟು ಮೆಮೊರಿಯ ಲೆಕ್ಕ ತೆಗೆದೆ. ಪ್ರೋಗ್ರಾಂ ಕೇಳುವುದು 580 ಕೆಬಿ, ಇರುವುದು 571. ಒಂಬತ್ತು ಕೆಬಿ. ಈಗ ಮೊಬೈಲಿನಲ್ಲಿ ಬರುವ ಗುಡ್ ಮಾರ್ನಿಂಗ್ ಚಿತ್ರದ ಒಂದು ಗುಲಾಬಿ ದಳಕ್ಕೆ ಇದಕ್ಕಿಂತ ಜಾಸ್ತಿ ಬೇಕು. ಅದಕ್ಕಾಗಿ ನಾನು ಅರ್ಧ ದಿನ ಕೂತೆ. ಮೇಲಿನ ಮೆಮೊರಿಯ ಬಾಗಿಲು ತೆಗೆಯೋಕೆ ಹೈಮೆಮ್ ಹಾಕು, ಇಎಂಎಂ386 ಹಾಕು, ಡಾಸನ್ನು ಮೇಲಕ್ಕೆ ಹತ್ತಿಸು, ಇವನನ್ನು ಲೋಡ್‌ಹೈ ಮಾಡು, ಅವನು ಹಿಡಿಸುತ್ತಿಲ್ಲ, ದೊಡ್ಡವನನ್ನು ಮೊದಲು ತೂರಿಸಿ ಸಣ್ಣವರನ್ನು ಆಮೇಲೆ ಕಳಿಸು. ಬಸ್ಸಿನ ಕಂಡಕ್ಟರ್ ಕೆಲಸ. ಒಂದೊಂದು ಬದಲಾವಣೆಗೂ ರೀಬೂಟ್. ಒಂದೊಂದು ರೀಬೂಟಿಗೂ ಮೆಮೊರಿ ಎಣಿಸುವ ಟಿಕ್ ಟಿಕ್ ಸದ್ದು. ಮಧ್ಯೆ ಈ ಜೋಡಣೆಯನ್ನು ತಾನೇ ಮಾಡಿಕೊಡುವ ಮೆಮ್‌ಮೇಕರನ್ನೂ ಓಡಿಸಿದೆ. ಅದು ಯೋಚಿಸಿ, ರೀಬೂಟ್ ಆಗಿ, ಮತ್ತೆ ಯೋಚಿಸಿ, ಗಂಭೀರವಾಗಿ ಮೂರು ಕೆಬಿ ಕೊಟ್ಟಿತು. ಬೆಟ್ಟ ಅಗೆದು ಇಲಿ ಹಿಡಿಯೋದು ಅಂದರೆ ಇದೇ. ಸಂಜೆಗೆ 580 ದಾಟಿದೆ, ಎಷ್ಟು ದಾಟಿದೆ ಅಂತ ಹೇಳಲು ನಾಚಿಕೆ.

ಇಲ್ಲಿಯವರೆಗೆ ತಮಾಷೆ. ಇನ್ನು ಮುಂದಿನದ್ದಕ್ಕೆ ನಗು ಬರುವುದಿಲ್ಲ.

ನೆಟ್ ಯೂಸ್ ಕೊಟ್ಟು ಆಫೀಸಿನ ಸರ್ವರಿಗೆ ಹೋದರೆ, ಅದು ಒಳಗೆ ಬಿಡಲಿಲ್ಲ. ಬಿಡಬಾರದು ಕೂಡ. ಡಾಸ್ ಕ್ಲೈಂಟಿಗೆ ಗೊತ್ತಿರುವುದು ಎಸ್‌ಎಂಬಿ ಅನ್ನುವ ಫೈಲ್ ಹಂಚಿಕೊಳ್ಳುವ ಭಾಷೆಯ ಹಳೇ ಕಾಲದ ಮಾತು. 2017ರ ಮೇ ತಿಂಗಳಲ್ಲಿ ಫೈಲುಗಳಿಗೆ ಬೀಗ ಹಾಕಿ ದುಡ್ಡು ಕೇಳುವ ವಾನಾಕ್ರೈ ನುಗ್ಗಿದ್ದು ಎಸ್‌ಎಂಬಿ ಒಂದನೇ ಆವೃತ್ತಿಯ ತೂತಿನಲ್ಲೇ. ಆಸ್ಪತ್ರೆಗಳು ನಿಂತುಹೋದದ್ದು ನೆನಪಿದೆಯಲ್ಲ. ಅದೇ ವರ್ಷದ ಕೊನೆಯ ಹೊತ್ತಿಗೆ ಹೊಸ ವಿಂಡೋಸ್ 10ರಲ್ಲಿ ಅದು ತಾನಾಗಿ ಬರುವುದು ನಿಂತಿತು. 2019ರಲ್ಲಿ, ಲಿನಕ್ಸಿನಲ್ಲಿ ಅದೇ ಭಾಷೆ ಆಡುವ ಸಾಂಬಾ 4.11 ಕೂಡ ಅದಕ್ಕೆ ತಾನಾಗಿ ಬಾಗಿಲು ತೆಗೆಯುವುದನ್ನು ನಿಲ್ಲಿಸಿತು. ಇನ್ನು ಆ ಹಳೇ ಕಾಲದ ಲ್ಯಾನ್ ಮ್ಯಾನೇಜರ್ ಪದ್ಧತಿಯ ಪಾಸ್‌ವರ್ಡಿನ ಕಥೆ ಬೇರೆ. ನೀವು ಎಷ್ಟೇ ಜಾಣತನದಿಂದ ಬರೆದರೂ ಎಲ್ಲವನ್ನೂ ದೊಡ್ಡಕ್ಷರ ಮಾಡಿ, 14 ಅಕ್ಷರಕ್ಕೆ ಕತ್ತರಿಸಿ, ಅದನ್ನೂ ಏಳೇಳರ ಎರಡು ತುಂಡು ಮಾಡಿ ಇಡುತ್ತದೆ. ಕಳ್ಳನಿಗೆ ಅಗಿಯೋಕೆ ಕಷ್ಟ ಆಗಬಾರದಲ್ಲ.

“ಸರ್ವರಿನಲ್ಲಿ ಆ ಹಳೇದನ್ನು ಆನ್ ಮಾಡಿಬಿಡಿ, ಒಂದೇ ಒಂದು ಪಿಸಿಗೆ ತಾನೆ” ಅಂದರು. ಒಂದು ಬೆಕ್ಕು ಓಡಾಡಲಿ ಅಂತ ಮನೆಯ ಮುಂಬಾಗಿಲು ರಾತ್ರಿಯೆಲ್ಲ ತೆಗೆದಿಡಿ ಅಂದ ಹಾಗೆ. ಆಗಲ್ಲ ಅಂದೆ. ಮೂರು ಜನ ಮುಖ ದಪ್ಪ ಮಾಡಿಕೊಂಡರು. ಕೊನೆಗೆ ಮೂಲೆಯಲ್ಲಿ ಬಿದ್ದಿದ್ದ ಇನ್ನೊಂದು ಪಿಸಿಗೆ ಲಿನಕ್ಸ್ ಹಾಕಿ, ಸಾಂಬಾದಲ್ಲಿ ಹಳೇ ಮಾತಿಗೆ ಒಪ್ಪಿಗೆ ಕೊಟ್ಟು, ಎರಡು ನೆಟ್‌ವರ್ಕ್ ಕಾರ್ಡ್ ಚುಚ್ಚಿ, ಈ ಕಡೆ ಡಾಸ್ ಆ ಕಡೆ ಆಫೀಸು ಅಂತ ಮಧ್ಯದಲ್ಲಿ ಕೂರಿಸಿದೆ. ಎಂಟು ಅಕ್ಷರ ದಾಟಿದ ಫೈಲ್ ಹೆಸರುಗಳೆಲ್ಲ ಬಾಲ ಕತ್ತರಿಸಿಕೊಂಡು ಬಂದವು. ಬರಲಿ.

ಆದರೆ ನನಗೆ ಸಿಟ್ಟಿರುವುದು ಡಾಸ್ ಮೇಲಲ್ಲ. ಯಂತ್ರ ಮೂವತ್ತು ವರ್ಷ ಬಾಳುತ್ತದೆ ಅಂತ ಕೊಳ್ಳುವಾಗಲೇ ಗೊತ್ತಿರುತ್ತದೆ. ಅದರೊಳಗಿನ ಸಾಫ್ಟ್‌ವೇರ್ ಅಷ್ಟು ದಿನ ಹೇಗೆ ಬದುಕಬೇಕು ಅಂತ ಒಬ್ಬರೂ ಕೇಳುವುದಿಲ್ಲ. ಸೋರ್ಸ್ ಕೋಡ್ ಎಲ್ಲಿದೆ ಅಂತ ಒಪ್ಪಂದದಲ್ಲಿ ಒಂದು ಸಾಲು ಇರುವುದಿಲ್ಲ. ನೋಡಿಕೊಳ್ಳುತ್ತಿದ್ದವನು ರಿಟೈರ್ ಆದರೆ ಹಾರ ಹಾಕಿ ಕಳಿಸುತ್ತಾರೆ, ಅವನ ತಲೆಯಲ್ಲಿದ್ದದ್ದನ್ನು ಬರೆಸಿಕೊಳ್ಳುವುದಿಲ್ಲ. “ಓಡ್ತಿದೆಯಲ್ಲ, ಮುಟ್ಟಬೇಡಿ” ಅಂತ ಇಪ್ಪತ್ತೈದು ವರ್ಷ ದೂಡುತ್ತಾರೆ. ನಿಂತ ದಿನ ಮಾತ್ರ ಎಲ್ಲರೂ ಕೂಗುವುದು ಕೀಬೋರ್ಡ್ ಮುಂದೆ ಕೂತವನ ಮೇಲೆ. ಸಾಕಾಗಿದೆ.

ಹೊರಡುವ ಮುಂಚೆ, ಪಿಸಿ ಶುರುವಾಗುವಾಗ ಓಡುವ ಆಟೋಎಕ್ಸೆಕ್ ಫೈಲನ್ನು ಒಮ್ಮೆ ತೆರೆದೆ, ನಕಲು ಇಟ್ಟುಕೊಳ್ಳೋಣ ಅಂತ. ಬೆಳಿಗ್ಗೆಯಿಂದ ಕೆಳಗಿನ ಅರ್ಧದಲ್ಲೇ ಒದ್ದಾಡಿದ್ದೆ, ಮೇಲಿನ ಸಾಲುಗಳನ್ನು ಓದಿರಲಿಲ್ಲ. ಅಲ್ಲೊಂದು ರೆಮ್ ಸಾಲು, ಅಂದರೆ ಪಿಸಿಗಲ್ಲ, ಓದುವವರಿಗೆ ಬರೆದಿಟ್ಟ ಟಿಪ್ಪಣಿ: “ಟೆಂಪರರಿ. ರಿಮೂವ್ ನೆಕ್ಸ್ಟ್ ವೀಕ್.” ಪಕ್ಕದಲ್ಲಿ 1997ರ ಒಂದು ತಾರೀಖು, ಮತ್ತೆ ನನ್ನದೇ ಇನಿಷಿಯಲ್. ಅದರ ಕೆಳಗಿನ ಸಾಲು ಏನೋ ಒಂದನ್ನು ಲೋಡ್ ಮಾಡುತ್ತಿದೆ. ಮೆಮ್ ಕೊಟ್ಟು ನೋಡಿದೆ, ನಾಲ್ಕು ಕೆಬಿ ತಿನ್ನುತ್ತಿದೆ. ಯಾಕೆ ಹಾಕಿದ್ದೆ ಅಂತ ಎಷ್ಟು ಯೋಚಿಸಿದರೂ ನೆನಪಾಗಲಿಲ್ಲ.

ಅಳಿಸೋಣ ಅಂತ ಕರ್ಸರ್ ಆ ಸಾಲಿಗೆ ತಂದೆ. ಹಿಂದುಗಡೆ ಯಂತ್ರ ಓಡುತ್ತಿತ್ತು. ಸ್ವಲ್ಪ ಹೊತ್ತು ಅದರ ಸದ್ದು ಕೇಳಿದೆ. ಆಮೇಲೆ ಏನೂ ಮುಟ್ಟದೆ ಎಡಿಟ್‌ನಿಂದ ಹೊರಗೆ ಬಂದೆ.