ತುವಾಲು ದೇಶ ಖಾಲಿಯಾಗುತ್ತಿಲ್ಲ

‘ಇಡೀ ತುವಾಲು ದೇಶವೇ ಗಂಟುಮೂಟೆ ಕಟ್ಟಿ ಆಸ್ಟ್ರೇಲಿಯಾಕ್ಕೆ ಹೊರಟಿದೆ, ಸರ್ಕಾರ ಕೈಚೆಲ್ಲಿದೆ’ ಎಂಬ ಸಂದೇಶ 2025ರಿಂದ ವಾಟ್ಸ್‌ಆ್ಯಪ್‌ನಲ್ಲಿ ಸುತ್ತುತ್ತಿದೆ. ತುವಾಲು ಪೆಸಿಫಿಕ್ ಸಾಗರದ ಪುಟ್ಟ ದ್ವೀಪದೇಶ; ಏರುತ್ತಿರುವ ಸಮುದ್ರ ಅದನ್ನು ಮುಳುಗಿಸುವ ಭಯವಿದೆ. ಆದರೂ ಈ ಸಂದೇಶ ಅರ್ಧಸತ್ಯವೂ ಅಲ್ಲ.

ನಿಜ ಇಷ್ಟು: ಆಸ್ಟ್ರೇಲಿಯಾ–ತುವಾಲು ನಡುವಿನ ಫಾಲೆಪಿಲಿ ಒಪ್ಪಂದಕ್ಕೆ 2023ರ ನವೆಂಬರ್‌ನಲ್ಲಿ ಸಹಿ ಬಿತ್ತು, ಮರುವರ್ಷ ಆಗಸ್ಟ್‌ನಲ್ಲಿ ಜಾರಿಗೆ ಬಂತು. ಅದರಡಿ ಲಾಟರಿ ಎತ್ತಿ ವರ್ಷಕ್ಕೆ ಹೆಚ್ಚೆಂದರೆ 280 ಜನರಿಗೆ ವೀಸಾ. ಮೊದಲ ಲಾಟರಿಗೆ ಅರ್ಜಿಗಳು ಮುಗಿಬಿದ್ದವು, ಅದು ಹೌದು. ಆದರೆ ಅರ್ಜಿ ಹಾಕಿದವರೆಲ್ಲ ಹೊರಟವರಲ್ಲ. ಹೋದವರೂ ಬೇಕೆಂದಾಗ ಊರಿಗೆ ಬಂದುಹೋಗಬಹುದು. ಸುಮಾರು 11 ಸಾವಿರ ಜನಸಂಖ್ಯೆಯ ದೇಶ (ನಮ್ಮ ಎಷ್ಟೋ ಹೋಬಳಿಗಳೇ ಇದಕ್ಕಿಂತ ದೊಡ್ಡವು) ಈ ಲೆಕ್ಕದಲ್ಲಿ ಖಾಲಿಯಾಗಲು ನಾಲ್ಕು ದಶಕ ಬೇಕು, ಅದೂ ಅಲ್ಲಿ ಒಂದೂ ಮಗು ಹುಟ್ಟದಿದ್ದರೆ!

ಸಂದೇಶ ಮುಚ್ಚಿಟ್ಟಿರುವುದು ಸರ್ಕಾರದ ಯೋಜನೆಯನ್ನು. ಹವಾಮಾನ ಬದಲಾವಣೆ ಎದುರಿಸಲು ಬಡ ದೇಶಗಳಿಗೆ ಹಣ ಕೊಡುವ ಅಂತರರಾಷ್ಟ್ರೀಯ ‘ಹಸಿರು ಹವಾಮಾನ ನಿಧಿ’ಯ ನೆರವಿನಿಂದ 2017ರಲ್ಲಿ ಶುರುವಾದ ಕರಾವಳಿ ಯೋಜನೆಯಡಿ, ರಾಜಧಾನಿ ಫುನಾಫುಟಿಯಲ್ಲಿ ಒಳಗಡಲಿನ ಮರಳೆತ್ತಿ ತುಂಬಿಸಿ ಸುಮಾರು 7 ಹೆಕ್ಟೇರ್ ಹೊಸ ನೆಲ ಮಾಡಿದ್ದಾರೆ. 2100 ದಾಟಿದರೂ ಸಮುದ್ರಮಟ್ಟಕ್ಕಿಂತ ಮೇಲಿರುವಂತೆ ಅದರ ಎತ್ತರ ಲೆಕ್ಕಹಾಕಲಾಗಿದೆ. 2022ರಲ್ಲಿ ಪ್ರಕಟಿಸಿದ ದೀರ್ಘಾವಧಿ ಯೋಜನೆ ಇನ್ನೂ ದೊಡ್ಡದು: 3.6 ಚದರ ಕಿಲೋಮೀಟರ್‌ನಷ್ಟು ಎತ್ತರಿಸಿದ ನೆಲ, ಹಂತಹಂತವಾಗಿ ಜನರ ಸ್ಥಳಾಂತರ. ಸ್ಥಳಾಂತರ ಆ ನೆಲಕ್ಕೇ ಹೊರತು ಪರದೇಶಕ್ಕಲ್ಲ.

ಇದಕ್ಕೆ ಬೇಕಾದ ಹಣ ಆ ಪುಟ್ಟ ಬೊಕ್ಕಸದಿಂದ ಹುಟ್ಟುವಂಥದ್ದಲ್ಲ, ಹೊರಗಿನವರೇ ಕೊಡಬೇಕು. ಅನುಮಾನ ಪಡುವುದಾದರೆ ಅಲ್ಲಿ ಪಡಿ.