ಬಂದೆ ಅಂದರೆ ಇನ್ನೂ ಹೊರಟಿಲ್ಲ ಅಂತ

ಕನ್ನಡದಲ್ಲಿ ನನ್ನಂಥವರಿಗೆಂದೇ ಮಾಡಿಟ್ಟ ಒಂದು ಸವಲತ್ತು ಇದೆ. ಕುರ್ಚಿ ಬಿಟ್ಟು ಇನ್ನೂ ಎದ್ದೇ ಇರುವುದಿಲ್ಲ, ಆಗಲೇ "ಬಂದೆ" ಅನ್ನಬಹುದು. ಭೂತಕಾಲ! ಕೆಲಸ ಶುರುವೇ ಆಗಿರುವುದಿಲ್ಲ, "ಆಯ್ತು ಅಂದ್ಕೊಳ್ಳಿ" ಅನ್ನಬಹುದು. ಫೈಲ್ ತೆರೆದೇ ಇರುವುದಿಲ್ಲ, "ಕಳಿಸಿಬಿಟ್ಟೆ, ಐದೇ ನಿಮಿಷ" ಅನ್ನಬಹುದು. ಆಗಿಹೋದದ್ದೂ ಆಗಬೇಕಾದದ್ದೂ ಒಂದೇ ವಾಕ್ಯದಲ್ಲಿ ಪಕ್ಕಪಕ್ಕ ಕೂತಿರುತ್ತವೆ, ಕೇಳಿದವರೂ ಹೂಂ ಅನ್ನುತ್ತಾರೆ. ವ್ಯಾಕರಣದ ಮೇಷ್ಟ್ರುಗಳು ಇದಕ್ಕೆ ಏನೋ ಒಂದು ಕಾರಣ ಕೊಡುತ್ತಾರೆ. ನನಗಂತೂ ಇದನ್ನು ನನ್ನಂಥ ಸೋಮಾರಿ ಯಾರೋ ಮಾಡಿಟ್ಟು ಹೋದ ಹಾಗೆ ಕಾಣುತ್ತದೆ.

ನಾನು ಮನೆಯಲ್ಲೇ ಕೂತು ಆನ್‌ಲೈನ್‌ನಲ್ಲಿ ಕೆಲಸ ಮಾಡುವವನು. ಬೇರೆಯವರು ಬರೆದದ್ದನ್ನು ತಿದ್ದಿ ತೀಡಿ ಕಳಿಸುವುದು ನನ್ನ ಕಸುಬು. ಹಾಜರಿ ಪುಸ್ತಕ ಇಲ್ಲ, ಬೆನ್ನ ಹಿಂದೆ ನಿಂತು ನೋಡುವವರಿಲ್ಲ, ದಿನದ 24 ಗಂಟೆಯೂ ನನ್ನದೇ ಅಂದುಕೊಂಡು ಸೇರಿದೆ. ಸುಳ್ಳಲ್ಲ, 24 ಗಂಟೆಯೂ ನನ್ನದೇ. ತೊಂದರೆ ಇರುವುದೇ ಅಲ್ಲಿ.

ಮೊದಲ ಪೆಟ್ಟು ಕೊಟ್ಟದ್ದು ಹನ್ನೆರಡು ಗಂಟೆ. "ಶುಕ್ರವಾರ 12 ಎಎಂ ಒಳಗೆ ಕಳಿಸಿ" ಅಂತ ಮೇಲ್ ಬಂದಿತ್ತು. ಎಎಂ ಅಂದರೆ ಬೆಳಗಿನದು, ಬೆಳಗ್ಗೆ ಆದ ಮೇಲೆ ಬರುವ ಹನ್ನೆರಡು ಅಂದರೆ ಮಧ್ಯಾಹ್ನ, ಅಷ್ಟೇ ತಾನೆ? ಗುರುವಾರ ರಾತ್ರಿ ನೆಮ್ಮದಿಯಾಗಿ ಮಲಗಿದೆ. ಶುಕ್ರವಾರ ಬೇಗ ಎದ್ದು, ಫೋನ್ ಇನ್ನೊಂದು ಕೋಣೆಯಲ್ಲಿಟ್ಟು, ಜನ್ಮದಲ್ಲಿ ಎಂದೂ ಕೂರದಷ್ಟು ಶಿಸ್ತಿನಿಂದ ಕೂತು ಸರಿಯಾಗಿ 11.40ಕ್ಕೆ ಕಳಿಸಿದೆ. ಸುಮ್ನೆ ಕಳಿಸಿದ್ದರೆ ಆಗುತ್ತಿತ್ತು. "ಹೇಳಿದ್ದಕ್ಕಿಂತ 20 ನಿಮಿಷ ಮುಂಚೆಯೇ ಕಳಿಸುತ್ತಿದ್ದೇನೆ" ಅಂತ ಒಂದು ಸಾಲು ಸೇರಿಸಿದೆ. ಉತ್ತರ ಬಂತು: "ಧನ್ಯವಾದಗಳು. ನೀವು 11 ಗಂಟೆ 40 ನಿಮಿಷ ತಡ."

ಶುಕ್ರವಾರ 12 ಎಎಂ ಅಂದರೆ ಗುರುವಾರ ರಾತ್ರಿ ಮುಗಿಯುವ ಗಳಿಗೆ. ನಾನು ಗೊರಕೆ ಹೊಡೆಯುತ್ತಿದ್ದಾಗಲೇ ಅದು ಬಂದು ಹೋಗಿತ್ತು. ಈ ಗೊಂದಲ ನನ್ನೊಬ್ಬನದ್ದಲ್ಲ ಅಂತ ಆಮೇಲೆ ಗೊತ್ತಾಯಿತು. ತಿಳಿದವರು ಅದಕ್ಕೇ ಗಡುವನ್ನು 11.59 ಪಿಎಂ ಅಂತ ಬರೆಯುತ್ತಾರೆ. ಆ ಒಂದು ನಿಮಿಷ ಬಿಟ್ಟುಕೊಟ್ಟರೆ ಅರ್ಧ ದಿನದ ಜಗಳ ಉಳಿಯುತ್ತದೆ.

ಇದಕ್ಕಿಂತ ಸೂಕ್ಷ್ಮವಾದ ಗುಂಡಿ ಮಾರ್ಚ್ ತಿಂಗಳಲ್ಲಿದೆ. ಬೇಸಿಗೆಯ ಹಗಲು ಬೆಳಕು ಬಳಸಿಕೊಳ್ಳಲೆಂದು ಅಮೆರಿಕದ ಹೆಚ್ಚಿನ ಕಡೆ ಗಡಿಯಾರವನ್ನು ಒಂದು ಗಂಟೆ ಮುಂದಿಡುವುದು ಎರಡನೇ ಭಾನುವಾರ, ಯುರೋಪಿನಲ್ಲಿ ಕೊನೆಯ ಭಾನುವಾರ. ನಡುವಿನ ಎರಡು-ಮೂರು ವಾರ ಯಾರ ಗಂಟೆ ಎಷ್ಟು ಅಂತ ದೇವರಿಗೇ ಗೊತ್ತು. ಅಂಥ ಒಂದು ವಾರ ನಾನು ಐದು ನಿಮಿಷ ಮುಂಚೆಯೇ ಅಂತ ಬೀಗುತ್ತಾ ಅಲ್ಲಿನವರ ಜೊತೆಗಿನ ಮೀಟಿಂಗ್‌ಗೆ ಹೋದೆ. ಎಲ್ಲರೂ ಬೈ ಹೇಳುತ್ತಿದ್ದರು. ನಾನೂ ಹೇಳಿದೆ.

ಇನ್ನು ಹೀಗಾದರೆ ಆಗಲ್ಲ ಅಂತ ಒಂದು ಭಾನುವಾರ ಪೂರ್ತಿ ಕೂತು ವೇಳಾಪಟ್ಟಿ ಮಾಡಿದೆ. ಪೂರ್ತಿ ಅಂದರೆ ಪೂರ್ತಿ. ಗಮನವಿಟ್ಟು ಮಾಡುವ ಕೆಲಸಕ್ಕೆ ಯಾವ ಬಣ್ಣ ಅನ್ನುವುದಕ್ಕೇ ಒಂದು ಗಂಟೆ ಹೋಯಿತು, ನೀಲಿ ಇಟ್ಟರೆ ಮೀಟಿಂಗ್‌ನ ನೀಲಿಗೂ ಇದಕ್ಕೂ ವ್ಯತ್ಯಾಸ ತಿಳಿಯುತ್ತಿರಲಿಲ್ಲ. ಕ್ಯಾಲೆಂಡರ್ ನೋಡಲು ಮಾತ್ರ ಬಲು ಚಂದ ಇತ್ತು. ಸೋಮವಾರ ಬೆಳಗ್ಗೆ ಎದ್ದು ನೋಡಿದರೆ ಸ್ನಾನಕ್ಕೆ ಜಾಗ ಇಟ್ಟಿರಲಿಲ್ಲ. 9.10ಕ್ಕೆ ಲ್ಯಾಪ್‌ಟಾಪ್ ಚಾರ್ಜರ್ ಕಾಣೆಯಾಯಿತು, ಅದಕ್ಕೂ ಬಣ್ಣ ಇಟ್ಟಿರಲಿಲ್ಲ. ಒಂದು ಚೌಕವನ್ನು ಸರಿಸಿದರೆ ಅದು ಇನ್ನೊಂದರ ಮೇಲೆ ಬೀಳುತ್ತಿತ್ತು, ಅದನ್ನು ಸರಿಸಿದರೆ ಮತ್ತೊಂದು. ಹೀಗೆ ಸರಿಸಿ ಸರಿಸಿ ಸೋಮವಾರದ ಕೆಲಸ ಮಂಗಳವಾರದ ನಿದ್ದೆಯೊಳಗೆ ಹೋಗಿ ನಿಂತಿತು.

ಆಗ ಹೆಂಡತಿ ಒಂದು ಮಾತು ಹೇಳಿದಳು. "ಮುಂದೇನು ಮಾಡ್ತೀರಿ ಅಂತ ಬರೀಬೇಡಿ. ಈಗೇನು ಮಾಡ್ತಿದ್ದೀರಿ ಅಂತ ಬರೀರಿ." ಒಳ್ಳೆಯ ಮಾತು. ನೋಟ್‌ಬುಕ್ ತೆಗೆದುಕೊಂಡು ಒಂದು ಬೆಳಗ್ಗೆ ನಿಮಿಷ ನಿಮಿಷವೂ ಬರೆದೆ. ಇದ್ದದ್ದು ಇದ್ದ ಹಾಗೆ:

9.02 – ಮೇಲ್ ನೋಡಲು ಶುರು.
9.04 – ಮೇಲ್‌ನಲ್ಲಿ ಕೇಳಿದ್ದ ಹಳೇ ಫೈಲ್ ಹುಡುಕುತ್ತಿದ್ದೇನೆ.
9.11 – ಹುಡುಕುವಾಗ ಹಳೇ ಫೋಟೋಗಳು ಸಿಕ್ಕವು.
9.38 – ಈ ಫೋಟೋದಲ್ಲಿರುವ ನೀಲಿ ಅಂಗಿ ಈಗೆಲ್ಲಿದೆ?
9.52 – ಬೀರುವಿನ ಮುಂದೆ.
10.05 – ಅಂಗಿ ಸಿಕ್ಕಿತು. ಗುಂಡಿ ಹಾಕಲು ಆಗುತ್ತಿಲ್ಲ.
10.06 – ಹೊಟ್ಟೆ ಕರಗಿಸುವ ವ್ಯಾಯಾಮದ ವಿಡಿಯೋ.
10.47 – ವಿಡಿಯೋಗಳು ನೋಡಿದ್ದಾಯಿತು. ಕೂತುಕೊಂಡೇ.
10.48 – ಯಾವ ಮೇಲ್?

ಆ 10.06ರಿಂದ 10.47ರವರೆಗಿನ ಪಾಪವನ್ನು ನಾನೊಬ್ಬನೇ ಹೊರುವುದಿಲ್ಲ. ಎಷ್ಟು ಕೆಳಗೆ ಎಳೆದರೂ ಮುಗಿಯದ ಪುಟ ಇದೆಯಲ್ಲ, ಇನ್‌ಫಿನಿಟ್ ಸ್ಕ್ರೋಲ್, ಅದನ್ನು 2006ರಲ್ಲಿ ರೂಪಿಸಿದ ಏಜಾ ರಾಸ್ಕಿನ್ ಅವರೇ ಆಮೇಲೆ ಪಶ್ಚಾತ್ತಾಪ ಪಟ್ಟಿದ್ದಾರೆ. ಹಿಂದೆಲ್ಲ ಪುಟದ ಕೆಳಗೆ ಒಂದು 'ಮುಂದಿನ ಪುಟ' ಇರುತ್ತಿತ್ತು. ಅದನ್ನು ಒತ್ತುವಾಗಲಾದರೂ ಬೆರಳಿಗೆ ಒಂಚೂರು ನಾಚಿಕೆ ಆಗುತ್ತಿತ್ತು. ಇನ್ನು ಆ ನೋಟ್‌ಬುಕ್‌ನ ಕೊನೆಯ ಸಾಲಿಗೂ ವಿವರಣೆ ಇದೆ. ಒಂದು ಕೆಲಸ ಅರ್ಧಕ್ಕೆ ಬಿಟ್ಟು ಇನ್ನೊಂದಕ್ಕೆ ಹಾರಿದರೆ ಮನಸ್ಸಿನ ಒಂದು ಪಾಲು ಹಳೆಯದಕ್ಕೇ ಅಂಟಿಕೊಂಡಿರುತ್ತದೆ ಅಂತ ಸೋಫಿ ಲೆರಾಯ್ ಅನ್ನುವವರು 2009ರಲ್ಲಿ ಬರೆದರು. ನನ್ನದು ಆವತ್ತು ನಾಲ್ಕು ಕಡೆ ಅಂಟಿಕೊಂಡಿತ್ತು. ಮೇಲ್‌ನ ಪಾಲಿಗೆ ಏನೂ ಉಳಿದಿರಲಿಲ್ಲ.

ಮೇಲ್ ನೋಡುವುದನ್ನು ಅವತ್ತಿನಿಂದ ದಿನಕ್ಕೆ ಮೂರು ಸಲಕ್ಕೆ ಇಳಿಸಿದೆ, ಫೋನ್‌ನ ನೋಟಿಫಿಕೇಶನ್ ಸದ್ದೆಲ್ಲ ಅಡಗಿಸಿದೆ. ಇದು ನಿಜವಾಗಿ ಉಪಯೋಗಕ್ಕೆ ಬಂತು, ಹಾಗಾಗಿ ಇದರ ಬಗ್ಗೆ ಹೇಳಲು ಜಾಸ್ತಿ ಏನೂ ಇಲ್ಲ.

ಆದರೆ ಟೈಮರ್‌ನ ಕಥೆ ಹೇಳಲೇಬೇಕು. 1980ರ ದಶಕದ ಕೊನೆಯಲ್ಲಿ ಇಟಲಿಯ ಫ್ರಾನ್ಸೆಸ್ಕೊ ಚಿರಿಲ್ಲೊ ಅನ್ನುವ ಹುಡುಗ ಓದಿನಲ್ಲಿ ಮನಸ್ಸು ನಿಲ್ಲದೆ, ಅಡುಗೆಮನೆಯ ಟೊಮೆಟೊ ಆಕಾರದ ಟೈಮರ್ ಒಂದನ್ನು ತಿರುಗಿಸಿಟ್ಟು ಓದಲು ಕೂತನಂತೆ. 25 ನಿಮಿಷ ಕೆಲಸ, 5 ನಿಮಿಷ ಬಿಡುವು, ಹೀಗೆ ನಾಲ್ಕು ಸುತ್ತು ಆದ ಮೇಲೆ ದೊಡ್ಡ ಬಿಡುವು. ಇಟಾಲಿಯನ್ ಭಾಷೆಯಲ್ಲಿ ಪೊಮೊಡೊರೊ ಅಂದರೆ ಟೊಮೆಟೊ, ಪದ್ಧತಿಗೂ ಅದೇ ಹೆಸರಾಯಿತು. ನಾನೂ ಒಂದು ಕೆಂಪು ಟೈಮರ್ ತಂದೆ. ಟಿಕ್ ಟಿಕ್ ಅಂತ ಅದು ಮಾಡುವ ಸದ್ದಿಗೆ ಕೆಲಸದ ಕಡೆ ಗಮನ ಹೋಗುವ ಬದಲು ಟೈಮರ್ ಕಡೆಗೇ ಹೋಗುತ್ತಿತ್ತು. ಅದಕ್ಕೇ ಕಾಗದದ ರಾಶಿಯ ಕೆಳಗೆ ಬಚ್ಚಿಟ್ಟೆ. ಬಚ್ಚಿಟ್ಟದ್ದು ಮರೆತೆ.

ಅದೇ ಹೊತ್ತಿಗೆ ಮೀಟಿಂಗ್ ಶುರುವಾಯಿತು. ಹನ್ನೊಂದು ಮುಖಗಳು, ಹನ್ನೊಂದು ಚೌಕಗಳು. ನಮ್ಮ ಮೇಲಿನವರು ಸಮಯ ಪಾಲನೆಯ ಮಹತ್ವ ವಿವರಿಸುತ್ತಿದ್ದರು. ನಾನು ಆಗಷ್ಟೇ "ಹೌದು ಸರ್" ಅಂದಿದ್ದರಿಂದ ನನ್ನ ಮೈಕ್ ಆನ್ ಇತ್ತು. ಕಾಗದದ ರಾಶಿಯೊಳಗಿಂದ ಕಿರ್ರ್ರ್ ಅಂತ ಟೈಮರ್ ಹೊಡೆದುಕೊಂಡಿತು. ಎರಡು ಕ್ಷಣ ಎಲ್ಲರೂ ಗಪ್‌ಚುಪ್. ಆಮೇಲೆ ಯಾರೋ ಒಬ್ಬರು, ಯಾರು ಅಂತ ಈಗಲೂ ಗೊತ್ತಿಲ್ಲ, "ಓಹ್, ಟೈಮ್ ಆಯ್ತಾ? ಸರಿ ಸರ್, ಥ್ಯಾಂಕ್ಯೂ" ಅಂದು ಮಾಯವಾದರು. ಅಷ್ಟೇ. ಕಟ್ಟೆ ಒಡೆದ ಹಾಗೆ ಥ್ಯಾಂಕ್ಯೂ ಸರ್, ಥ್ಯಾಂಕ್ಯೂ ಸರ್ ಅಂತ ಒಂದೊಂದೇ ಚೌಕ ಖಾಲಿಯಾಯಿತು. ಕೊನೆಗೆ ಉಳಿದದ್ದು ಅವರು, ನಾನು, ಮತ್ತೆ ಇನ್ನೂ ಹೊಡೆದುಕೊಳ್ಳುತ್ತಿದ್ದ ಟೈಮರ್.

"ಮುಗೀತಾ?" ಅಂತ ಕೇಳಿದರು.

"ಹಾಗೇ ಕಾಣ್ಸುತ್ತೆ ಸರ್" ಅಂದೆ.

ಯಾವಾಗಲೂ ಒಂದೂವರೆ ಗಂಟೆ ಎಳೆಯುತ್ತಿದ್ದ ಮೀಟಿಂಗ್ ಅದು. ಸಂಜೆ ಇಬ್ಬರು ನನಗೆ ಪ್ರತ್ಯೇಕವಾಗಿ ಮೆಸೇಜ್ ಮಾಡಿದ್ದರು: "ಮುಂದಿನ ವಾರವೂ ತನ್ನಿ."

ನಮ್ಮ ಮನೆಯಲ್ಲಿ ನನ್ನಷ್ಟೇ ಸುಳ್ಳು ಹೇಳುವ ಇನ್ನೊಂದು ಜೀವ ಅಂದರೆ ವಾಷಿಂಗ್ ಮೆಷಿನ್. ಇನ್ನು 1 ನಿಮಿಷ ಅಂತ ತೋರಿಸುತ್ತದೆ. ಮಗಳಿಗೆ ಈಗ ಏಳು ವರ್ಷ, ಹೊಸದಾಗಿ ಗಡಿಯಾರ ನೋಡಲು ಕಲಿತಿದ್ದಾಳೆ. ಮೊನ್ನೆ ಅದರ ಮುಂದೆ ಚಕ್ಕಳಮಕ್ಕಳ ಹಾಕಿಕೊಂಡು ಕೂತು ಲೆಕ್ಕ ಹಾಕಿದಳು. ಆ ಒಂದು ನಿಮಿಷಕ್ಕೆ ಗಡಿಯಾರದಲ್ಲಿ ಏಳು ನಿಮಿಷ ಆಯಿತು. ಬಟ್ಟೆಯೆಲ್ಲ ಒಂದೇ ಕಡೆ ಗುಡ್ಡೆಯಾಗಿದ್ದರೆ ಮೆಷಿನ್ ಜೋರಾಗಿ ತಿರುಗುವುದಿಲ್ಲ, ನಿಧಾನಕ್ಕೆ ಅತ್ತಿತ್ತ ಹೊರಳಿಸಿ ಮತ್ತೆ ಪ್ರಯತ್ನ ಮಾಡುತ್ತದೆ, ಅಲ್ಲಿಯವರೆಗೆ 1 ಅನ್ನುವುದು 1 ಆಗಿಯೇ ಇರುತ್ತದೆ ಅಂತ ವಿವರಿಸಿದೆ. ಅವಳು ನನ್ನನ್ನೇ ಒಂದು ಸಲ ಮೇಲಿಂದ ಕೆಳಗೆ ನೋಡಿದಳು. "ಓ, ನಿನ್ನ ಥರಾನೇ." ಅಂದಿನಿಂದ ನಾನು ಐದು ನಿಮಿಷ ಅಂದಾಗೆಲ್ಲ ಒಂದೇ ಪ್ರಶ್ನೆ: "ಅಪ್ಪಂದಾ, ಗಡಿಯಾರದ್ದಾ?"

ಈ 'ಅಪ್ಪಂದು'ಗೆ ದೊಡ್ಡವರು ಹೆಸರಿಟ್ಟಿದ್ದಾರೆ. ಪ್ಲಾನಿಂಗ್ ಫ್ಯಾಲಸಿ. 1979ರಲ್ಲಿ ಡೇನಿಯಲ್ ಕಾನೆಮನ್ ಮತ್ತು ಏಮಸ್ ಟ್ವರ್ಸ್ಕಿ ಇದನ್ನು ಗುರುತಿಸಿದರು. ಹೋದ ಸಲ ಎಷ್ಟು ಹೊತ್ತು ಹಿಡಿಯಿತು ಅಂತ ಚೆನ್ನಾಗಿ ಗೊತ್ತಿದ್ದರೂ ಈ ಸಲ ಮಾತ್ರ ಬೇಗ ಮುಗಿಯುತ್ತದೆ ಅಂತ ನಂಬುವ ರೋಗ ಇದು. 1994ರಲ್ಲಿ ಪ್ರಕಟವಾದ ಒಂದು ಅಧ್ಯಯನ ನನಗೆ ಬಹಳ ಇಷ್ಟ. ಪ್ರಬಂಧ ಬರೆಯುತ್ತಿದ್ದ ವಿದ್ಯಾರ್ಥಿಗಳನ್ನು ಎಷ್ಟು ದಿನ ಬೇಕು ಅಂತ ಕೇಳಿದರು. ಸರಾಸರಿ 33.9 ದಿನ ಅಂದರು. ಎಲ್ಲಾ ಎಡವಟ್ಟಾದರೆ? 48.6 ದಿನ ಅಂದರು. ನಿಜವಾಗಿ ಹಿಡಿದದ್ದು 55.5. ಅಂದರೆ ಕೆಟ್ಟದ್ದನ್ನು ಊಹಿಸಿದಾಗಲೂ ಅವರು ಆಸೆಯಲ್ಲೇ ಇದ್ದರು! ಇನ್ನು ಸಿಡ್ನಿಯ ಆಪೆರಾ ಹೌಸ್ 1963ಕ್ಕೆ ಮುಗಿಯಬೇಕಿತ್ತು, ಬಾಗಿಲು ತೆರೆದದ್ದು 1973ಕ್ಕೆ. ಇದನ್ನು ನಾನು ನೆನಪಿಟ್ಟುಕೊಂಡಿರುವುದು ಹೆಂಡತಿಗೆ ಹೇಳಲು. ಹೇಳಿದೆ. "ಅಲ್ಲೊಂದು ಕಟ್ಟಡವಾದ್ರೂ ಎದ್ದಿದೆ" ಅಂದಳು.

ಇದಕ್ಕೆ ಮದ್ದೂ ಇದೆ. ಮುಂದಿನದನ್ನು ಊಹಿಸಬೇಡ, ಹಿಂದಿನದನ್ನು ನೋಡು ಅಂತ. ನೋಡಿದೆ. ನೋಟ್‌ಬುಕ್ ಪ್ರಕಾರ ನಾನು ಒಂದು ದಿನ ಅಂದದ್ದೆಲ್ಲ ಹೆಚ್ಚುಕಮ್ಮಿ ಎರಡು ದಿನ ಹಿಡಿದಿತ್ತು. ಹಾಗಾಗಿ ಹೋದ ವಾರ ಒಂದು ದಿನದ ಕೆಲಸ ಬಂದಾಗ, ಎದೆ ಗಟ್ಟಿ ಮಾಡಿಕೊಂಡು, ಒಂದನ್ನು ಎರಡರಿಂದ ಗುಣಿಸಿ, ಇನ್ನೊಂದು ದಿನ ಮೇಲೆ ಹಾಕಿ ಮೂರು ದಿನ ಕೇಳಿದೆ. ಕೊಟ್ಟೇಬಿಟ್ಟರು.

ಮೊದಲನೇ ದಿನ ಮೂರು ದಿನ ಇದೆಯಲ್ಲ ಅಂತ ಮೇಜು ಒರೆಸಿದೆ. ಎರಡನೇ ದಿನ ಇನ್ನೂ ಎರಡು ದಿನ ಇದೆಯಲ್ಲ ಅಂತ ಯಾವ ಫಾಂಟ್ ಚೆನ್ನ ಅಂತ ನೋಡಿದೆ. 1955ರಲ್ಲಿ 'ದಿ ಎಕನಾಮಿಸ್ಟ್' ಪತ್ರಿಕೆಯಲ್ಲಿ ಪಾರ್ಕಿನ್‌ಸನ್ ಅನ್ನುವವರು ಕೆಲಸ ಅನ್ನುವುದು ಇರುವಷ್ಟೂ ಹೊತ್ತನ್ನು ತುಂಬುವ ಹಾಗೆ ಹಿಗ್ಗುತ್ತದೆ ಅಂತ ಬರೆದಿದ್ದರು. ಬಿಡುವಾಗಿರುವ ಅಜ್ಜಿಯೊಬ್ಬರಿಗೆ ಒಂದು ಪೋಸ್ಟ್‌ಕಾರ್ಡ್ ಬರೆದು ಹಾಕಲು ಇಡೀ ದಿನ ಬೇಕಾಗುತ್ತದೆ ಅಂತ ಅವರ ಉದಾಹರಣೆ. ಇದನ್ನೂ ನಾನು ಎರಡನೇ ದಿನವೇ ಓದಿದ್ದು. ಅಜ್ಜಿಯಾದರೂ ಸಂಜೆಗೆ ಮುಗಿಸಿದರು.

ಮೂರನೇ ದಿನ ಸಂಜೆ ನನಗಿನ್ನೂ ಆರು ಪುಟ ಬಾಕಿ ಇದ್ದಾಗ ಫೋನ್ ಬಂತು. ನನ್ನ ಎರಡೂ ಕೈ ಕೀಬೋರ್ಡ್ ಮೇಲಿತ್ತು, ಮಗಳು ಎತ್ತಿದಳು. ಇನ್ನೈದು ನಿಮಿಷ ಅಂತ ಹೇಳು ಅಂತ ಬೆರಳು ಬಿಡಿಸಿ ಸನ್ನೆ ಮಾಡಿದೆ.

"ಇನ್ನು ಐದು ನಿಮಿಷ ಅಂತೆ ಅಂಕಲ್" ಅಂದಳು. ಆ ಕಡೆಯವರು ಸರಿ ಅಂದಿರಬೇಕು. ಇವಳಿಗೆ ಪಾಪ ಅನ್ನಿಸಿತೇನೋ, ನನ್ನ ಕಡೆ ಬೆನ್ನು ತಿರುಗಿಸಿ ದನಿ ತಗ್ಗಿಸಿದಳು. "ಅಪ್ಪಂದು. ಗಡಿಯಾರದ್ದಲ್ಲ."